ಗಂಜಿಯ ನಡುವಿನ ಕಾವು

"ಆ ಕೋಳಿಮರಿ ಪೆಟ್ಟಿಗೇನ ತಗೊಂಡ್ಹೋಗಿ ಕೆರೆಗೆ ಎಸಿ ಕಣೇ ಆರ್ಡಿಸ್! ಬಿಯರ್ ಮಾಡೋದು ಅಂದ್ರೆ ಮೊಟ್ಟೆಗೆ ಕಾವು ಕೊಟ್ಟಂಗೆ ಅಂದ್ಕೊಂಡಿದ್ದೀಯಾ?"

"ಕೆರೆ ಹೆಪ್ಪುಗಟ್ಟಿ ತಿಂಗಳಾಯ್ತು ಕಣೋ. ನನ್ನ ಪೆಟ್ಟಿಗೆ ಎಸೆದ್ರೆ ಮುಳುಗೋದೂ ಇಲ್ಲ. ನಿಂದು ಎಸೆದ್ರೆ ಮಾತ್ರ ಮಂಜುಗಡ್ಡೆ ಒಡ್ಕೊಂಡು ತಳ ಸೇರುತ್ತೆ. ಅಷ್ಟು ಜಂಬ ತುಂಬಿದೆ ಅದ್ರಲ್ಲಿ."

ರೋಲಿ ಸ್ಕಿಬ್ಬಾ ಮುಳ್ಳುಚಮಚವನ್ನು ಮೇಜಿನ ಮೇಲೆ ಕುಕ್ಕಿದ. ತಟ್ಟೆಯಲ್ಲಿದ್ದ ಕರಿದ ಮೀನಿನ ತುಂಡು ಎಗರಿ ಆಲೂಗಡ್ಡೆ ಪಲ್ಯದ ಮೇಲೆ ಬಿತ್ತು. ಶುಕ್ರವಾರದ ಮೀನೂಟಕ್ಕೆ ಬಂದಿದ್ದ ಊರಿನ ಅರ್ಧ ಜನ ಹೊರಗಿನ ಹಜಾರದಿಂದ ಕತ್ತು ಚಾಚಿ ನೋಡಿದರು. ಪಾನಗೃಹದ ಹಿಂಕೋಣೆಯಲ್ಲಿ ಬಿಯರ್ ಕೂಟದವರು ಕಿತ್ತಾಡುವುದು ಅವರಿಗೇನೂ ಹೊಸದಲ್ಲ. ಆದರೆ ಹೆಂಗಸೊಬ್ಬಳು ಎದ್ದು ನಿಂತು ರೋಲಿಯ ಮುಖಕ್ಕೆ ಬೆರಳು ತೋರಿಸಿ ಮಾತಾಡುವುದು ಹೊಸದು.

ಕೂಟದಲ್ಲಿ ಹನ್ನೊಂದು ಜನ. ಇಷ್ಟು ವರ್ಷ ಅವರವರ ಮನೆಯಲ್ಲಿ, ಅವರವರ ಪಾತ್ರೆಯಲ್ಲಿ ಬಿಯರ್ ಮಾಡಿಕೊಂಡು ಬಂದಿದ್ದರು. ಈಗ ಬಾಗಿಲು ಮುಚ್ಚಿದ ಹಳೇ ಚೀಸ್ ಕಾರ್ಖಾನೆಯಲ್ಲಿ ಒಂದು ಕೋಣೆ ಸಿಕ್ಕಿತ್ತು. ನೀರಿತ್ತು, ಚರಂಡಿಯಿತ್ತು, ಕರೆಂಟಿತ್ತು. ಎಲ್ಲರೂ ಸೇರಿ ಒಂದೇ ದೊಡ್ಡ ಒಲೆ ಹೂಡಬೇಕು. ಆದರೆ ಕಾವು ಕಾಯುವುದಕ್ಕೆ ಯಾವ ಏರ್ಪಾಡು? ಜಗಳ ಇದ್ದದ್ದು ಅದಕ್ಕೆ.

ಕಾವಿನ ವಿಷಯ ಸಣ್ಣದಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು ಬಿಸಿನೀರಿನಲ್ಲಿ ಗಂಜಿಯಂತೆ ಕಲಸಿ ಒಂದು ಗಂಟೆ ಬಿಡಬೇಕು. ಆ ಗಂಟೆಯಲ್ಲಿ ಕಾಳಿನೊಳಗಿನ ಹಿಟ್ಟು ಸಕ್ಕರೆಯಾಗುತ್ತದೆ. ಅಳತೆಯ ಕಡ್ಡಿ ನೂರೈವತ್ತೆರಡು ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತಿರಬೇಕು. ಕಾವು ಏರಿದರೆ ಬಿಯರು ಪಾಯಸದಂತೆ ಮಂದವಾಗುತ್ತದೆ. ಸ್ವಲ್ಪ ಇಳಿದರೆ ತೆಳ್ಳಗಾಗುತ್ತದೆ. ತೀರಾ ಇಳಿದರೆ ಹಿಟ್ಟು ಹಿಟ್ಟಾಗಿಯೇ ಉಳಿದು, ಅದನ್ನು ಹಂದಿಗೆ ಹಾಕಬೇಕಾಗುತ್ತದೆ. ಬಿಯರಿನ ಹಣೆಬರಹ ಆ ಒಂದು ಗಂಟೆಯಲ್ಲಿ ಬರೆದು ಮುಗಿಯುತ್ತದೆ. ಆಮೇಲೆ ನೀವು ಕಹಿಗೆಂದು ಯಾವ ಹಾಪ್ಸ್ ಹೂವು ಹಾಕಿದರೂ ಅಷ್ಟೆ, ಏನು ಹಾಡು ಹೇಳಿದರೂ ಅಷ್ಟೆ.

"ಮೂವತ್ತೊಂದು ವರ್ಷದಿಂದ ಈ ಊರಿನ ಮನೆಗಳನ್ನ ಬೆಚ್ಚಗಿಟ್ಟಿರೋನು ನಾನು," ಅಂದ ರೋಲಿ. ಅವನ ಕಸುಬೇ ಅದು, ಮನೆಗಳಿಗೆ ಬಿಸಿಗಾಳಿಯ ಒಲೆ ಕೂರಿಸುವುದು. ಅಂಗಿಯ ಎದೆಯ ಮೇಲೆ ಅವನ ಹೆಸರನ್ನೇ ಕೆಂಪು ದಾರದಲ್ಲಿ ಹೊಲಿಸಿಕೊಂಡಿದ್ದ. "ಕಾವು ಅಳೆಯೋ ಕಡ್ಡಿ ಎಲ್ಲಿ ಇಡ್ಬೇಕು ಅಂತ ನೀನು ನಂಗೆ ಹೇಳ್ಕೊಡ್ತೀಯಾ?"

"ಹೇಳ್ಕೊಡ್ಲೇಬೇಕು. ಪಾದ್ರಿ ಮನೇಲಿ ಕಡ್ಡಿ ಎಲ್ಲಿ ಇಟ್ಟಿದ್ದೆ? ಅಡುಗೆ ಒಲೆ ಪಕ್ಕದ ಗೋಡೆ ಮೇಲೆ! ಒಲೆ ಉರಿದಾಗೆಲ್ಲ ಮನೆ ಬೆಚ್ಚಗಿದೆ ಅಂತ ನಿನ್ನ ಯಂತ್ರ ಮಲಗ್ಬಿಡ್ತಿತ್ತು. ಪಾಪ, ಪಾದ್ರಿ ಎರಡು ಚಳಿಗಾಲ ಕೋಟು ಹಾಕ್ಕೊಂಡು ಮಲಗಿದ್ರು."

ಹಿಂಕೋಣೆ ಬಿದ್ದು ಬಿದ್ದು ನಕ್ಕಿತು. ಕಟುಕ ಗಸ್ ಹ್ಲಾವಾ ನಗುವ ಭರದಲ್ಲಿ ಕೆಮ್ಮಿ ಮೂಗಿನಿಂದ ಬ್ರಾಂಡಿ ಸುರಿಸಿಕೊಂಡ. ರೋಲಿಯ ಬಿಳಿ ಮೀಸೆಯ ಕೆಳಗೆ ತುಟಿ ಬಿಗಿಯಾಯಿತು.

ಆರ್ಡಿಸ್ ವೆಂಜಲ್‌ಗೆ ಐವತ್ತಮೂರು. ಹಾಲಿನ ತೊಟ್ಟಿ ಮಾಡುವ ಕಾರ್ಖಾನೆಯಲ್ಲಿ ಉಕ್ಕಿಗೆ ಬೆಸುಗೆ ಹಾಕುವ ಕೆಲಸ. ಮೊಣಕೈಯವರೆಗೆ ಕಿಡಿ ಸಿಡಿದ ಚುಕ್ಕೆಗಳು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು, ಅದನ್ನು ಯಾರಿಂದಲೂ ಮುಚ್ಚಿಟ್ಟವಳಲ್ಲ. ರೋಲಿ ಕೊಳ್ಳೋಣ ಎನ್ನುತ್ತಿದ್ದದ್ದು ತನ್ನ ಮನೆಯಲ್ಲಿರುವಂಥದೇ, ಫ್ರಿಜ್ಜಿನ ಬಾಗಿಲಷ್ಟು ದೊಡ್ಡ ಕರೆಂಟ್ ಪೆಟ್ಟಿಗೆ. ಮೇಲೆ ಕೆಂಪು ಅಂಕಿ ಹೊಳೆಯುತ್ತದೆ. ಗುಂಡಿ ಒತ್ತಿದರೆ ಸಾಕು, ಹಂಡೆಯ ನೀರು ಬಿಸಿಯಾಗುತ್ತದೆ. ಗಂಜಿಯ ತಳದಿಂದ ಇಳಿದ ಸಿಹಿನೀರು ಆ ಹಂಡೆಯೊಳಗಿನ ಸುರುಳಿ ಕೊಳವೆಯಲ್ಲಿ ಸುತ್ತಿ, ಬಿಸಿಯಾಗಿ, ಮತ್ತೆ ಗಂಜಿಯ ತಲೆಯ ಮೇಲೆ ಬೀಳುತ್ತದೆ. ಆರ್ಡಿಸ್ ಮಾಡಿದ್ದರಲ್ಲೂ ಹಂಡೆಯಿತ್ತು, ಸುರುಳಿಯಿತ್ತು. ಎರಡಕ್ಕೂ ಇದ್ದ ಅಂತರ ಒಂದೇ. ರೋಲಿಯ ಕಡ್ಡಿ ಹಂಡೆಯ ನೀರಿನಲ್ಲಿರುತ್ತಿತ್ತು. ಅವಳ ಕಡ್ಡಿ ಗಂಜಿಯ ನಡುಮಧ್ಯದಲ್ಲಿ ಹೂತಿರುತ್ತಿತ್ತು. ಕಾವು ಇಳಿದರೆ, ಮೊಟ್ಟೆ ಮರಿ ಮಾಡಿಸುವ ಯಂತ್ರದಿಂದ ಕಿತ್ತು ತಂದ ಒಂದು ಪುಟ್ಟ ಸ್ವಿಚ್ಚು ಪಂಪನ್ನು ಎಬ್ಬಿಸುತ್ತಿತ್ತು. ಕಾವು ಸರಿಹೋದರೆ ಮಲಗಿಸುತ್ತಿತ್ತು. ಇಷ್ಟೇ.

"ನೀರು ಬಿಸಿ ಇದ್ರೆ ಗಂಜಿ ಬಿಸಿ ಇರುತ್ತೆ. ಇದಕ್ಕೆ ಕಾಲೇಜು ಓದ್ಬೇಕಾ?" ಅಂದ ರೋಲಿ.

"ನಿನ್ನ ಹೆಂಡ್ತಿ ಬೆಚ್ಚಗಿದ್ರೆ ನೀನು ಬೆಚ್ಚಗಿದ್ದೀಯ ಅಂತಾನಾ?"

"ಅವನ ಹೆಂಡ್ತಿ ಫ್ಲೋರಿಡಾದಲ್ಲಿದಾಳೆ," ಎಂದ ಗಸ್. ಮತ್ತೆ ನಗು.

ರೋಲಿ ಎದ್ದ. ಗೋಡೆಗೆ ನೇತುಹಾಕಿದ್ದ ತೊಳಸುಗೋಲನ್ನು ಮೊಳೆಯಿಂದ ಇಳಿಸಿ ಮೇಜಿನ ಮೇಲೆ ಅಡ್ಡಲಾಗಿ ಇಟ್ಟ.

ಆಳೆತ್ತರದ ಕೋಲು ಅದು, ಮೇಪಲ್ ಮರದ್ದು. ತುದಿ ಅಗಲವಾಗಿ, ಗಂಜಿ ನುಸುಳಲು ತೂತುಗಳಿದ್ದವು. ಕೂಟ ಶುರುವಾದಾಗ ಮುದುಕ ನೋರ್ಬ್ ಟೆಸ್ಕೆ ತನ್ನ ಕೈಯಾರೆ ಕೆತ್ತಿದ್ದು. ಯಾರ ಬಿಯರು ಗೆಲ್ಲುತ್ತದೋ ಅವರ ಹೆಸರನ್ನು ಕಾದ ಕಬ್ಬಿಣದಿಂದ ಅದರ ಹಿಡಿಯ ಮೇಲೆ ಸುಡುತ್ತಾರೆ. ಕೋಲು ಯಾರ ಕೈಯಲ್ಲಿದೆಯೋ ಪಾತ್ರೆಪಡಗದ ಮಾತು ಅವರದೇ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟೂ ಗಂಡಸರ ಹೆಸರೇ. ಕೊನೆಯ ಐದು ಸಾಲು 'ರೋಲಿ', 'ರೋಲಿ', 'ರೋಲಿ'. ಅವನು ಅದನ್ನು ಗೆದ್ದ ದಿನದಿಂದ ಗೋಡೆಯ ಮೇಲಿಟ್ಟಿದ್ದ, ಗಂಜಿಗೆ ಇಳಿಸಿದ್ದೇ ಇಲ್ಲ. ಯಂತ್ರ ಇದ್ದವನಿಗೆ ತೊಳಸುವ ಕೆಲಸ ಯಾಕೆ?

ಆರ್ಡಿಸ್‌ಗೆ ಆ ಕೋಲು ಬೇಕಿತ್ತು. ಬೇಕು ಅಂದರೆ ಹೊಟ್ಟೆಯಲ್ಲಿ ಉರಿ ಇಟ್ಟುಕೊಂಡಂತೆ ಬೇಕಿತ್ತು. ಹಿಂದಿನ ವರ್ಷ ಅವಳ ಕಪ್ಪು ಬಿಯರು ಕುಡಿದ ಹತ್ತೂ ಜನ ಬಟ್ಟಲು ನೆಕ್ಕಿದ್ದರು. ರೋಲಿ ಬಾಯಿ ಒರೆಸಿಕೊಂಡು, "ಹೆಂಗಸ್ರ ಅದೃಷ್ಟ, ಇನ್ನೊಂದ್ಸಲ ಬರಲ್ಲ ಬಿಡಿ" ಎಂದಿದ್ದ. ಉಳಿದವರು ಅದಕ್ಕೆ ತಲೆಯಾಡಿಸಿದ್ದರು, ಕೋಲು ಗೋಡೆಯ ಮೇಲೇ ಉಳಿದಿತ್ತು. ಅವತ್ತಿನಿಂದ ಕಾರ್ಖಾನೆಯಲ್ಲಿ ಒಂದೊಂದು ಬೆಸುಗೆ ಹಾಕುವಾಗಲೂ ಆ ಮಾತು ಅವಳ ಕಿವಿಯಲ್ಲಿ ಕೊರೆಯುತ್ತಿತ್ತು.

"ಈ ಕೋಲು ಕೇಳ್ದೋರು ಗಂಜಿ ಕಲಸಿ ತೋರಿಸ್ಬೇಕು," ಅಂದ ರೋಲಿ. "ಅದು ನಮ್ಮ ಕಟ್ಟಳೆ. ನಾಳೆ ಬೆಳಗ್ಗೆ, ನೋರ್ಬ್ ಗ್ಯಾರೇಜಲ್ಲಿ. ಒಂದೇ ಕಾಳು, ಒಂದೇ ನೀರು, ಒಂದು ಗಂಟೆ. ನೀನು ಸೋತ್ರೆ ನಿನ್ನ ಕೋಳಿ ಯಂತ್ರದ ಮಾತು ಈ ಜನ್ಮದಲ್ಲಿ ಎತ್ತಬಾರ್ದು."

"ನೀನು ಸೋತ್ರೆ?"

"ನಾನು ಸೋತ್ರೆ ಬಾಗಿಲು ದಾಟಿ ಹೋಗ್ತೀನಿ. ಮತ್ತೆ ಈ ಕೂಟದ ಹೊಸಿಲು ತುಳಿಯಲ್ಲ."

"ಅಷ್ಟೆಲ್ಲ ಯಾಕೆ ಮಾರಾಯ," ಅಂದ ಗಸ್.

"ಅವನು ಹೇಳ್ದ, ನಾನು ಕೇಳಿಸ್ಕೊಂಡೆ," ಅಂದಳು ಆರ್ಡಿಸ್. "ನೋರ್ಬ್, ನೀವೂ ಕೇಳಿಸ್ಕೊಂಡ್ರಿ ತಾನೇ?"

ಎಂಬತ್ತು ದಾಟಿದ ನೋರ್ಬ್ ಮೀನಿನ ಮುಳ್ಳು ಬಿಡಿಸುತ್ತಾ ತಲೆಯಾಡಿಸಿದ. ಚೀಸ್ ಕಾರ್ಖಾನೆಯಲ್ಲಿ ನಲವತ್ತು ವರ್ಷ ರೈತರ ಹಾಲು ಪರೀಕ್ಷೆ ಮಾಡಿದವನು ಅವನು. ಹಾಲಿಗೆ ನೀರು ಬೆರೆಸಿದ ತನ್ನ ಸ್ವಂತ ಭಾವಮೈದುನನನ್ನೂ ಬಿಟ್ಟವನಲ್ಲ. ಕೂಟದಲ್ಲಿ ಅವನ ಮಾತೇ ಕೊನೆಯ ಮಾತು.

ಊಟ ಮುಗಿಸಿ ನೋರ್ಬ್ ತನ್ನ ಕಾರಿನ ಹಿಂಬದಿಯಿಂದ ಕಾಳಿನ ಎರಡು ಚೀಲ ತೆಗೆದು ಕೊಟ್ಟ. ಒಂದೇ ರಾಶಿಯ ಕಾಳು, ಒಂದೇ ತೂಕ, ಒಡೆದುಕೊಳ್ಳುವುದು ಅವರವರ ಇಷ್ಟ. ರೋಲಿ ತನ್ನ ಚೀಲವನ್ನು ಟ್ರಕ್ಕಿನ ಹಿಂದಿನ ತೆರೆದ ತೊಟ್ಟಿಗೆ ಎಸೆದು ಗಾಡಿ ಹೊಡೆದ. ಆರ್ಡಿಸ್ ತನ್ನ ಚೀಲವನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಕಟ್ಟಿದಳು. ಮನೆಗೆ ಹೋದವಳೇ ಕಾಳು ಒಡೆದು ಅಡುಗೆಮನೆಯ ಒಲೆಯ ಪಕ್ಕ ಇಟ್ಟು ಮೇಲೆ ಕಂಬಳಿ ಹೊದಿಸಿದಳು.

"ಆ ಕಂಬಳಿ ನಂದು," ಅಂದ ಗಂಡ ಡ್ವೇನ್, ರಸ್ತೆಯ ಹಿಮ ಗೋರಿ ಅದೇ ತಾನೇ ಮನೆಗೆ ಬಂದವನು.

"ನಿಂಗೆ ಮೈಯಲ್ಲಿ ಕೊಬ್ಬಿದೆ. ಕಾಳಿಗೆ ಇಲ್ಲ."

ತಣ್ಣಗಿರುವ ದಪ್ಪ ಉಕ್ಕಿಗೆ ಬೆಸುಗೆ ಹಾಕಿದರೆ ಬಿರುಕು ಬಿಡುತ್ತದೆ. ಮೊದಲು ಉಕ್ಕನ್ನು ಬಿಸಿ ಮಾಡಿ ಆಮೇಲೆ ಕೆಲಸಕ್ಕೆ ಕೈ ಹಾಕಬೇಕು. ಮೂವತ್ತು ವರ್ಷ ಅದನ್ನೇ ಮಾಡಿದವಳಿಗೆ ಕಾಳಿಗೂ ಅದೇ ನ್ಯಾಯ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಶನಿವಾರ ಬೆಳಗ್ಗೆ ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗಿತ್ತು. ಮೂಗಿನೊಳಗಿನ ಕೂದಲು ಗರಿಗರಿಯಾಗುವ ಚಳಿ. ಗ್ಯಾಸಿನ ಹೊಗೆ ಹೋಗಲೆಂದು ನೋರ್ಬ್ ಗ್ಯಾರೇಜಿನ ಬಾಗಿಲನ್ನು ಸೊಂಟದೆತ್ತರಕ್ಕೆ ಎತ್ತಿದ್ದ. ಸರೋವರದ ಮೇಲಿನಿಂದ ಬಂದ ಗಾಳಿ ಆ ಸಂದಿಯಲ್ಲಿ ನುಗ್ಗಿ ಎಲ್ಲರ ಕಾಲು ಕಚ್ಚುತ್ತಿತ್ತು. ಕೂಟದ ಅಷ್ಟೂ ಜನ ಬಂದಿದ್ದರು. ಗಸ್ ಒಣಗಿಸಿದ ಸಾಸೇಜು ಕತ್ತರಿಸುತ್ತಾ, ಹಲ್ಲಿಗೆ ಕಿರುಗುಟ್ಟುವ ಹಸಿ ಚೀಸ್ ತುಣುಕುಗಳ ಪೊಟ್ಟಣ ಬಿಚ್ಚಿ ಹಂಚುತ್ತಿದ್ದ.

ರೋಲಿಯ ಮೂರು ಪಾತ್ರೆಗಳು ಮದುವೆಯ ಬೆಳ್ಳಿ ಸಾಮಾನಿನಂತೆ ಹೊಳೆಯುತ್ತಿದ್ದವು. ಪೆಟ್ಟಿಗೆಯನ್ನು ನೋರ್ಬ್‌ನ ಬಟ್ಟೆ ಒಣಗಿಸುವ ಯಂತ್ರದ ದಪ್ಪ ತಂತಿಗೆ ಸಿಕ್ಕಿಸಿದ್ದ. ಆರ್ಡಿಸ್‌ಳದು ವನಭೋಜನಕ್ಕೆ ಒಯ್ಯುವ ದಪ್ಪಗೋಡೆಯ ಕೆಂಪು ಡಬ್ಬ, ಹಳೇ ಹಾಲಿನ ಕ್ಯಾನಿನ ಹಂಡೆ, ಅವಳೇ ಬಗ್ಗಿಸಿದ ಉಕ್ಕಿನ ಸುರುಳಿ, ಒಂದು ಗ್ಯಾಸ್ ಒಲೆ, ಬಾಳೆಹಣ್ಣಿನಷ್ಟು ಉದ್ದದ ಪಂಪು.

ಅವಳು ಮೊದಲು ಡಬ್ಬಕ್ಕೆ ಕುದಿಯುವ ನೀರು ಹುಯ್ದು ಮುಚ್ಚಳ ಹಾಕಿ ಕಾದಳು. ಆಮೇಲೆ ಆ ನೀರನ್ನು ಹೊರಗೆ ಚೆಲ್ಲಿದಳು. ಹಿಮದ ಮೇಲೆ ಹಬೆ ಎದ್ದಿತು.

"ಡಬ್ಬಕ್ಕೆ ಸ್ನಾನ ಮಾಡಿಸ್ತಿದ್ದೀಯಾ?" ಅಂದ ರೋಲಿ.

"ಹೂಂ. ಕ್ಯೂನಲ್ಲಿ ನಿಲ್ಲು, ಆಮೇಲೆ ನಿಂದು."

ನಂತರ ಇಬ್ಬರೂ ಕಾಳು ಸುರಿಯಲು ಅಣಿಯಾದರು. ರೋಲಿ ತನ್ನ ಚೀಲದ ಬಾಯಿ ಬಿಚ್ಚಿದಾಗ ಆರ್ಡಿಸ್ ಅತ್ತ ನೋಡಿದಳು. ಚೀಲದ ಮೇಲೆ ಬಿಳಿ ಇಬ್ಬನಿ ಗಟ್ಟಿಯಾಗಿ ಕೂತಿತ್ತು. ಕಾಳನ್ನು ಅವನು ರಾತ್ರಿಯೇ ನುಣ್ಣಗೆ ಒಡೆಸಿದ್ದ, ಹಿಟ್ಟಿನಷ್ಟು ನುಣ್ಣಗೆ. ಹೆಚ್ಚು ಸಕ್ಕರೆ ಇಳಿಸಿದೆ ಎಂದು ಹೇಳಿಕೊಳ್ಳುವ ಆಸೆ ಅವನಿಗೆ ಯಾವಾಗಲೂ ಇತ್ತು. ಸುಮ್ಮನಿದ್ದುಬಿಡು, ಅಂದಿತು ಒಳಮನಸ್ಸು. ಆದರೆ ಅವಳ ಬಾಯಿ ಅವಳ ಮಾತು ಕೇಳಿದ್ದು ಯಾವಾಗ?

"ರೋಲಿ, ನಿನ್ನ ಚೀಲ ರಾತ್ರಿಯೆಲ್ಲ ಟ್ರಕ್ಕಲ್ಲೇ ಬಿದ್ದಿತ್ತಾ? ಕಾಳು ಕಲ್ಲಾಗಿದೆ. ನೀರು ಇನ್ನೊಂದಿಷ್ಟು ಕಾಯಿಸ್ಕೋ."

"ಹೆದರಿಕೆ ಶುರುವಾಯ್ತಾ? ಎಷ್ಟು ಕಾಯಿಸ್ಬೇಕು ಅನ್ನೋದನ್ನ ಪೆಟ್ಟಿಗೇನೇ ಲೆಕ್ಕ ಹಾಕಿದೆ."

"ಕಾಳು ಎಷ್ಟು ತಣ್ಣಗಿದೆ ಅಂತ ಅದಕ್ಕೆ ಹೇಳಿದ್ದೀಯಾ?"

"ನಿನ್ನ ಕೋಳಿ ನೀನು ನೋಡ್ಕೋ."

ಹೇಳುವುದನ್ನು ಹೇಳಿಯಾಗಿತ್ತು. ಆರ್ಡಿಸ್ ಬೆನ್ನು ತಿರುಗಿಸಿದಳು. ಇಬ್ಬರೂ ಕಾಳನ್ನು ಬಿಸಿನೀರಿಗೆ ಸುರಿದು ಕಲಸಿದರು. ನೋರ್ಬ್ ಕಿಟಕಿಯ ಹಲಗೆಯ ಮೇಲೆ ಎರಡು ಬಿಳಿ ತಟ್ಟೆ ಜೋಡಿಸಿ, ನಡುವೆ ಅಯೋಡಿನ್ ಸೀಸೆ ಇಟ್ಟ. ಇದೂ ಕಟ್ಟಳೆಯೇ. ಗಂಟೆ ಮುಗಿದ ಮೇಲೆ ಒಬ್ಬೊಬ್ಬರ ಗಂಜಿಯಿಂದ ಒಂದೊಂದು ಚಮಚ ತಟ್ಟೆಗೆ ಹಾಕಿ ಒಂದು ತೊಟ್ಟು ಅಯೋಡಿನ್ ಬಿಡುವುದು. ಬಣ್ಣ ಚಹದಂತೆ ಕಂದಾಗಿ ಉಳಿದರೆ ಹಿಟ್ಟೆಲ್ಲ ಸಕ್ಕರೆಯಾಗಿದೆ ಎಂದು ಅರ್ಥ. ಕಪ್ಪಾದರೆ ಹಿಟ್ಟು ಹಾಗೇ ಉಳಿದಿದೆ, ಅವರು ಅಲ್ಲೇ ಸೋತಂತೆ. ಎರಡೂ ಕಂದಾದರೆ ಮಾತ್ರ ಆರು ವಾರ ಕಾದು ಬಿಯರಿನ ರುಚಿ ನೋಡಿ ತೀರ್ಮಾನ.

"ಮುಚ್ಚಳ ಹಾಕಿ," ಎಂದು ನೋರ್ಬ್ ಗಡಿಯಾರ ನೋಡಿದ. ಒಂಬತ್ತೂ ಹತ್ತು.

ಮೊದಲ ಇಪ್ಪತ್ತು ನಿಮಿಷ ಎರಡೂ ಕಡೆ ಪಂಪು ಗುರ್ರೆಂದವು. ರೋಲಿಯ ಪೆಟ್ಟಿಗೆಯ ಮೇಲೆ ಕೆಂಪು ಅಂಕಿ, ನೂರೈವತ್ತೆರಡು. ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಆರ್ಡಿಸ್‌ಳ ಸ್ವಿಚ್ಚಿನ ಪುಟ್ಟ ಕಿಟಕಿಯಲ್ಲಿ ನೂರೈವತ್ತೊಂದು, ನೂರೈವತ್ತೆರಡು, ಮತ್ತೆ ನೂರೈವತ್ತೊಂದು. ಪಂಪು ಏಳುವುದು, ಮಲಗುವುದು.

"ನೋಡ್ರಪ್ಪಾ," ರೋಲಿ ಕೈ ಚಾಚಿ ತೋರಿಸಿದ. "ಬಂಡೆ ಹಾಗೆ ನಿಂತಿದೆ. ಅವಳದು ಜ್ವರ ಬಂದ ಮಗು ಥರ ಕುಣೀತಿದೆ."

ಕೆಲವರು ತಲೆಯಾಡಿಸಿದರು. ಅಲ್ಲಾಡದ ಅಂಕಿಗೆ ಜನ ಮರುಳಾಗುತ್ತಾರೆ. ಆರ್ಡಿಸ್ ಹಲ್ಲು ಕಚ್ಚಿದಳು. ಗಂಜಿ ನಿಜವಾಗಿ ಬದುಕಿದ್ದರೆ ಅಂಕಿ ಅಲ್ಲಾಡಲೇಬೇಕು ಎಂದು ಇವರಿಗೆ ಹೇಗೆ ಹೇಳುವುದು?

ರೋಲಿಗೆ ಕಾಲು ತಣ್ಣಗಾಗಿರಬೇಕು. ಟ್ರಕ್ಕಿನಿಂದ ಒಂದು ಸಣ್ಣ ಕರೆಂಟ್ ಒಲೆ ತಂದು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಬೂಟುಗಳನ್ನು ಅದರ ಮುಂದೆ ಚಾಚಿದ. ಅದೇ ಪ್ಲಗ್ಗಿನ ಸಾಲಿನಲ್ಲಿ ಆರ್ಡಿಸ್‌ಳ ಪಂಪಿತ್ತು. ಟಪ್ ಎಂದಿತು. ದೀಪ ಹೋಯಿತು. ಅವಳ ಪಂಪು ನಿಂತಿತು. ಸ್ವಿಚ್ಚಿನ ಕಿಟಕಿ ಕಣ್ಣು ಮುಚ್ಚಿತು. ರೋಲಿಯ ಕೆಂಪು ಅಂಕಿ ಮಾತ್ರ ತನ್ನ ದಪ್ಪ ತಂತಿಯ ಮೇಲೆ ಹಾಗೇ ಉರಿಯುತ್ತಿತ್ತು.

"ಲೋ ಮೂರ್ಖ!" ಆರ್ಡಿಸ್‌ಳ ಕೂಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. "ಊರಿಗೆಲ್ಲ ಬಿಸಿ ಹಂಚೋನಿಗೆ ಒಂದು ತಂತಿ ಎಷ್ಟು ಹೊರುತ್ತೆ ಅಂತ ಗೊತ್ತಿಲ್ವಾ?"

"ಬೇಕೂ ಅಂತ ಮಾಡಿದ್ನಾ? ಕಾಲು ಮರಗಟ್ಟಿತ್ತು."

ನೋರ್ಬ್ ಒಳಗೆ ಹೋಗಿ ಕರೆಂಟಿನ ಗುಂಡಿ ಎತ್ತಿದ. ಮತ್ತೆ ಟಪ್. ಇನ್ನೊಮ್ಮೆ ಎತ್ತಿದ. ಗುಂಡಿ ಸುಟ್ಟಿತ್ತು. ಮನೆಯೊಳಗಿಂದ ಎಳೆಯಲು ಅಷ್ಟುದ್ದದ ತಂತಿ ಇರಲಿಲ್ಲ. ಹೊಸದು ತರಬೇಕೆಂದರೆ ಪೇಟೆಗೆ ಹೋಗಿ ಬರಬೇಕು, ಅಷ್ಟರಲ್ಲಿ ಗಂಟೆ ಮುಗಿದಿರುತ್ತದೆ.

"ಯಂತ್ರ ಸತ್ತ ಮೇಲೆ ಆಟ ಮುಗೀತು," ಅಂದ ರೋಲಿ. ಕರೆಂಟ್ ಒಲೆಯ ತಂತಿ ಸುತ್ತುತ್ತಾ ಅವನು ನಗುತ್ತಿದ್ದ. ಆರ್ಡಿಸ್ ಅದನ್ನು ನೋಡಿದಳು. ಅಲ್ಲಿಯವರೆಗೆ ತಲೆಯಲ್ಲಿದ್ದ ಸಿಟ್ಟು ಆ ನಗು ನೋಡಿದ್ದೇ ಕೈಗೆ ಇಳಿಯಿತು. ಕೈಗಿಳಿದ ಸಿಟ್ಟು ಅವಳಿಗೆ ಯಾವಾಗಲೂ ಒಳ್ಳೆಯ ಕೆಲಸ ಮಾಡಿಕೊಟ್ಟಿದೆ.

ಮುಚ್ಚಳ ತೆಗೆದು ಹಾಲಿನವರು ಕಾವು ನೋಡುವ, ಮುಳ್ಳಿರುವ ಉದ್ದ ಕಡ್ಡಿಯನ್ನು ಗಂಜಿಗೆ ಚುಚ್ಚಿದಳು. ನೂರನಲವತ್ತೆಂಟು. ದಪ್ಪಗೋಡೆಯ ಡಬ್ಬ ಕಾವು ಹಿಡಿದಿತ್ತು, ಆದರೆ ಗಾಳಿ ಬಿಡುತ್ತಿರಲಿಲ್ಲ. ಒಂದು ಪಾತ್ರೆ ತಗೊಂಡು ಡಬ್ಬದಿಂದ ಗಟ್ಟಿ ಗಂಜಿ ಬಗೆದು ತುಂಬಿಸಿ ಗ್ಯಾಸ್ ಒಲೆಯ ಮೇಲಿಟ್ಟಳು. ಅಷ್ಟನ್ನು ಕುದಿಸಿ ತಿರುಗಿ ಡಬ್ಬಕ್ಕೆ ಹುಯ್ದು ಕಲಸಿದರೆ ಇಡೀ ಗಂಜಿ ನಾಲ್ಕು ಡಿಗ್ರಿ ಏರುತ್ತದೆ. ಅವಳ ಅಜ್ಜಿಯ ಕಾಲದಲ್ಲಿ ಅಳತೆಯ ಕಡ್ಡಿಯೇ ಇರಲಿಲ್ಲ. ಅವರು ಹೀಗೇ ಮಾಡುತ್ತಿದ್ದರು.

"ಇದು ಮೋಸ!" ಅಂದ ರೋಲಿ. "ಕೈ ಹಾಕಂಗಿಲ್ಲ!"

"ಕೈ ಹಾಕಬಾರ್ದು ಅಂತ ಯಾವ ಗೋಡೆ ಮೇಲೆ ಬರೆದಿದೆ?" ಎಂದ ನೋರ್ಬ್. "ನಾವು ಆರಿಸ್ತಾ ಇರೋದು ಕಾವು ಕಾಯೋ ದಾರೀನ. ಕರೆಂಟ್ ಹೋದಾಗ ಹೆಂಗೆ ಕಾಯ್ತಾರೆ ಅನ್ನೋದೂ ದಾರೀನೇ."

ಪಾತ್ರೆಯಲ್ಲಿ ಗಂಜಿ ಬುಳಬುಳ ಎಂದಿತು. ತಳ ಹಿಡಿಯದಂತೆ ಅವಳು ಚಮಚದಿಂದ ಕೆದಕುತ್ತಿದ್ದಳು. ರೊಟ್ಟಿ ಸುಟ್ಟ ವಾಸನೆ ಗ್ಯಾರೇಜು ತುಂಬಿತು. ಸಾಸೇಜು ತಿನ್ನುತ್ತಿದ್ದವರು ಸುತ್ತ ನೆರೆದರು.

"ತೊಳಸೋಕೆ ಏನಾದ್ರೂ ಕೊಡಿ," ಅಂದಳು. "ಈ ಚಮಚ ಡಬ್ಬದ ತಳ ಮುಟ್ಟಲ್ಲ."

ಎಲ್ಲರ ಕಣ್ಣು ರೋಲಿಯ ಪಾತ್ರೆಗೆ ಒರಗಿಸಿದ್ದ ತೊಳಸುಗೋಲಿನ ಮೇಲೆ ಹೋಯಿತು. ಪಣದ ವಸ್ತುವೆಂದು ಅವನೇ ತಂದಿಟ್ಟಿದ್ದ.

"ಅದು ನಂದು," ಅಂದ ರೋಲಿ.

"ಅದು ಕೂಟದ್ದು. ಅದನ್ನ ಕೆತ್ತಿದ್ದು ನಾನು, ಗಂಜಿ ತೊಳಸೋಕೆ ಅಂತ ಕೆತ್ತಿದ್ದು," ಎಂದ ನೋರ್ಬ್. "ಗಸ್, ಕೊಡು ಅವಳಿಗೆ."

ಗಸ್ ಕೋಲನ್ನು ಎತ್ತಿ ಅವಳ ಕೈಗಿತ್ತ. ಆರ್ಡಿಸ್ ಅದನ್ನು ಮುಟ್ಟಿದ್ದು ಅದೇ ಮೊದಲು. ಅಂದುಕೊಂಡದ್ದಕ್ಕಿಂತ ಹಗುರವಿತ್ತು. ಕುದಿಯುತ್ತಿದ್ದ ಪಾತ್ರೆಯನ್ನು ಡಬ್ಬಕ್ಕೆ ಬೋರಲು ಹಾಕಿ, ಕೋಲನ್ನು ತಳಕ್ಕೆ ಊರಿ ತೊಳಸಿದಳು. ಮುದ್ದೆ ತಿರುವುವವರಂತೆ ಸೊಂಟ ಕೊಟ್ಟು, ಮೂಲೆ ಮೂಲೆ ಬಗ್ಗಿ, ಗಂಟೆಲ್ಲ ಒಡೆದು ತೊಳಸಿದಳು. ಐದು ವರ್ಷ ಒಣಗಿದ್ದ ಮರ ಬಿಸಿ ಗಂಜಿ ಕುಡಿದು ಕಪ್ಪಾಯಿತು. ಕಡ್ಡಿ ಚುಚ್ಚಿ ನೋಡಿದಳು. ನೂರೈವತ್ತೆರಡು.

"ಅಯ್ಯೋ ದೇವ್ರೇ," ಎಂದ ಗಸ್, ಮುಖದ ತುಂಬ ನಗು. "ಕರೆಂಟ್ ಇಲ್ದೇನೇ!"

ಹತ್ತು ಗಂಟೆಗೆ ಇನ್ನೊಂದು ಪಾತ್ರೆ ಕುದಿಸಿ ಸುರಿದಳು. ಈ ನಡುವೆ ರೋಲಿಯ ಕಡೆ ಸದ್ದು ಬದಲಾಗಿತ್ತು. ಅವನ ಪಂಪು ಗುರ್ರೆನ್ನುವುದು ಬಿಟ್ಟು ಕೀಚುಗುಟ್ಟುತ್ತಿತ್ತು. ಗಂಜಿಯ ತಲೆಯ ಮೇಲೆ ಧಾರೆಯಾಗಿ ಬೀಳುತ್ತಿದ್ದ ಸಿಹಿನೀರು ಈಗ ತೊಟ್ಟಿಕ್ಕುತ್ತಿತ್ತು. ನುಣ್ಣಗೆ ಒಡೆದ ಹಿಟ್ಟು ತಳದಲ್ಲಿ ಸಿಮೆಂಟಿನಂತೆ ಕೂತುಬಿಟ್ಟಿತ್ತು. ರೋಲಿ ಪೆಟ್ಟಿಗೆಯ ಕಡೆ ನೋಡಿದ. ನೂರೈವತ್ತೆರಡು. ಅವನು ಕಾಲ ಮೇಲೆ ಕಾಲು ಹಾಕಿಕೊಂಡು ಕೂತ.

"ಹತ್ತೂ ಹತ್ತು," ಎಂದ ನೋರ್ಬ್.

ಮೊದಲು ಆರ್ಡಿಸ್‌ಳ ಡಬ್ಬ. ಒಂದು ಚಮಚ ತಟ್ಟೆಗೆ ಬಿತ್ತು. ನೋರ್ಬ್ ಸೀಸೆ ಬಾಗಿಸಿ ಒಂದು ತೊಟ್ಟು ಬಿಟ್ಟ. ತೊಟ್ಟು ನಟ್ಟ ನಡುವೆಯೇ ಬಿತ್ತು. ಎಲ್ಲರೂ ಬಗ್ಗಿದರು. ಆರ್ಡಿಸ್ ಮಾತ್ರ ಬಗ್ಗಲಿಲ್ಲ. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆ ನೋಡುತ್ತಾ ನಿಂತಿದ್ದಳು.

"ಕಂದು," ಅಂದ ನೋರ್ಬ್. "ಅಪ್ಪಟ ಕಂದು."

ಆಮೇಲೆ ರೋಲಿಯ ಹೊಳೆಯುವ ಪಾತ್ರೆ. ಒಂದು ಚಮಚ, ಒಂದು ತೊಟ್ಟು. ತೊಟ್ಟು ಬಿದ್ದ ಜಾಗ ನೀಲಿಯಾಯಿತು. ನೀಲಿ ಹರಡಿತು, ಕಡುವಾಯಿತು. ನೋಡನೋಡುತ್ತಿದ್ದಂತೆ ತಟ್ಟೆಯ ನಡುವೆ ಶಾಯಿ ಚೆಲ್ಲಿದಂತೆ ಕಪ್ಪು ಕೂತಿತು.

ಗಸ್ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಸೀಸೆ ಹಳೇದಿರ್ಬೇಕು," ಎಂದ ರೋಲಿ.

"ಅದೇ ಸೀಸೆ ಕಣೋ, ಎರಡಕ್ಕೂ."

"ಅಂಕಿ ನೋಡಿ! ಕಣ್ಣಿಲ್ವಾ ನಿಮ್ಗೆ? ಒಂದು ಗಂಟೆ ನೂರೈವತ್ತೆರಡು! ನೀವೆಲ್ಲ ನೋಡಿದ್ದೀರಿ!"

ಆರ್ಡಿಸ್ ತನ್ನ ಉದ್ದ ಕಡ್ಡಿಯನ್ನು ಒರೆಸಿ ಅವನ ಕೈಗೆ ಕೊಟ್ಟಳು. ರೋಲಿ ಅದನ್ನು ತನ್ನ ಗಂಜಿಯ ನಡುವಿಗೆ ಚುಚ್ಚಿದ. ಸುತ್ತ ಹತ್ತು ತಲೆ ಬಗ್ಗಿದವು. ಮುಳ್ಳು ಏರಿತು, ನಿಧಾನವಾಯಿತು, ನಿಂತಿತು.

"ನೂರಮೂವತ್ತಮೂರು," ಎಂದು ಗಸ್ ಮೆಲ್ಲಗೆ ಓದಿದ.

ಹಂಡೆಯ ನೀರು ನೂರೈವತ್ತೆರಡರಲ್ಲೇ ಇತ್ತು, ಪೆಟ್ಟಿಗೆ ಸುಳ್ಳು ಹೇಳಿರಲಿಲ್ಲ. ಆದರೆ ಹೆಪ್ಪುಗಟ್ಟಿದ ಕಾಳು ಬಿದ್ದ ಕೂಡಲೇ ಗಂಜಿಯ ಕಾವು ನೆಲಕಚ್ಚಿತ್ತು. ತಳ ಕಟ್ಟಿದ ಗಂಜಿಯಿಂದ ಸಿಹಿನೀರು ಸುರುಳಿಗೆ ಹೋಗಲೇ ಇಲ್ಲ. ನೀರು ಬೆಚ್ಚಗೆ ಕೂತಿತ್ತು, ಗಂಜಿ ಪಾದ್ರಿಯ ಹಾಗೆ ಕೋಟು ಹೊದ್ದು ನಡುಗುತ್ತಿತ್ತು.

"ಕಾಳಿನ ಕಾವು ಎಷ್ಟು ಅಂತ ಹಾಕಿದ್ದೆ?" ನೋರ್ಬ್ ಕೇಳಿದ.

ರೋಲಿ ಪೆಟ್ಟಿಗೆಯ ಗುಂಡಿ ಒತ್ತಿ ನೋಡಿದ. "ಎಪ್ಪತ್ತು," ಅಂದ. ಕಾರ್ಖಾನೆಯಿಂದ ಬರುವಾಗಲೇ ಅದರಲ್ಲಿ ಇದ್ದ ಅಂಕಿ ಅದು. ಮನೆಯೊಳಗಿನ ಕಾಳಿನ ಅಂಕಿ. ಅವನು ಅದನ್ನು ಮುಟ್ಟಿಯೇ ಇರಲಿಲ್ಲ.

ಗಸ್ ನಗಲು ಬಾಯಿ ತೆರೆದವನು ಆರ್ಡಿಸ್‌ಳ ಮುಖ ನೋಡಿ ಮುಚ್ಚಿಕೊಂಡ. ಅವಳಿಗೆ ಕುಣಿಯಬೇಕೆನಿಸಿತ್ತು, ನಿಜ. ವರ್ಷದಿಂದ ಕಿವಿಯಲ್ಲಿ ಕೊರೆಯುತ್ತಿದ್ದ ಆ ಮಾತು ಒಮ್ಮೆಲೇ ನಿಂತುಹೋಗಿತ್ತು. ಮೈಯೆಲ್ಲ ಹಗುರ. ಆದರೆ ಕುಣಿಯುವುದಕ್ಕೆ ಮೊದಲು ಒಂದು ಪ್ರಶ್ನೆ ಬಾಕಿ ಇತ್ತು.

"ನಾನು ಹೇಳಿದ್ದೆ ತಾನೇ, ರೋಲಿ? ಕಾಳು ಕಲ್ಲಾಗಿದೆ ಅಂತ?"

"ಹೇಳಿದ್ದೆ," ಅಂದ ರೋಲಿ. ಅಷ್ಟನ್ನು ಒಪ್ಪಿಕೊಂಡ. ಅಲ್ಲಿಯವರೆಗೆ ಅವಳು ಅವನಿಂದ ಕೇಳಿದ ಮೊದಲ ನೇರ ಮಾತು ಅದು.

"ಹಂಗಾದ್ರೆ ಇದು ಅದೃಷ್ಟ ಅಲ್ಲ."

ರೋಲಿ ಕಡ್ಡಿಯನ್ನು ಗಂಜಿಯಿಂದ ಎಳೆದು ಅವಳ ಕೈಗೆ ಹಿಂದಿರುಗಿಸಿದ.

ನೋರ್ಬ್ ಕೂಟದ ಕಡೆ ತಿರುಗಿದ. "ಚೀಸ್ ಕೋಣೆಗೆ ಯಾರ ಏರ್ಪಾಡು?"

"ಗಂಜಿ ನಡುವೆ ಕಡ್ಡಿ!" ಗಸ್ ಮೊದಲು ಕೈ ಎತ್ತಿದ. "ಕೋಳಿಮರಿ ಪೆಟ್ಟಿಗೆ!" ಆಮೇಲೆ ಒಂದೊಂದೇ ಕೈ ಏರಿತು. ಒಬ್ಬ ಎರಡೂ ಕೈ ಎತ್ತಿದ, ಒಂದರಲ್ಲಿ ಸಾಸೇಜು ಇತ್ತು. ಯಾರೋ ಸಿಳ್ಳೆ ಹಾಕಿದರು. ಯಾರೋ ಆರ್ಡಿಸ್‌ಳ ಬೆನ್ನಿಗೆ ಗುದ್ದಿದ ಗುದ್ದಿಗೆ ಅವಳ ಟೋಪಿ ಗಂಜಿಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. "ಮುಟ್ಟಬೇಡ್ರೋ, ನನ್ನ ಗಂಜಿ!" ಎಂದು ಅವಳು ಬೈಯುತ್ತಾ ನಗತೊಡಗಿದಳು. ನಗು ನಿಲ್ಲಲೇ ಇಲ್ಲ. ಕಣ್ಣಲ್ಲಿ ನೀರು ಬಂದು ಆ ಚಳಿಗೆ ರೆಪ್ಪೆಯ ಮೇಲೆ ಗಟ್ಟಿಯಾಯಿತು.

ನೋರ್ಬ್ ಗ್ಯಾಸ್ ಒಲೆಯ ಉರಿಯಲ್ಲಿ ಕಬ್ಬಿಣದ ಸಲಾಕೆ ಕಾಯಿಸಿದ. ಕೋಲನ್ನು ಒರೆಸಿ ಬೆಂಚಿನ ಮೇಲೆ ಮಲಗಿಸಿ, ಐದನೆಯ 'ರೋಲಿ'ಯ ಕೆಳಗೆ ಜಾಗ ಹುಡುಕಿ ಸಲಾಕೆ ಊರಿದ. ಮರ ಚುರ್ರೆಂದಿತು. ಸಿಹಿಯಾದ ಹೊಗೆ ಎದ್ದಿತು. ಮೊದಲ ಅಕ್ಷರ ಮೂಡಿತು.

ರೋಲಿ ಎರಡನೆಯ ಅಕ್ಷರಕ್ಕೆ ನಿಲ್ಲಲಿಲ್ಲ. ಅಂಗಿಯ ಗುಂಡಿ ಕುತ್ತಿಗೆಯವರೆಗೂ ಹಾಕಿಕೊಂಡ. ಕೈಗವಸು ಹಾಕಿಕೊಂಡ. ಹೊಳೆಯುವ ಪಾತ್ರೆಗಳನ್ನೂ ಪೆಟ್ಟಿಗೆಯನ್ನೂ ಇದ್ದಲ್ಲೇ ಬಿಟ್ಟು ನಡೆದ. ಸೊಂಟದೆತ್ತರದ ಬಾಗಿಲ ಸಂದಿಯಲ್ಲಿ ತೂರಲು ಅವನು ಬಗ್ಗಬೇಕಾಯಿತು. ದೊಡ್ಡ ಹೊಟ್ಟೆ, ಕಷ್ಟಪಟ್ಟು ಬಗ್ಗಿದ. ಯಾರೂ ನಗಲಿಲ್ಲ.

"ರೋಲಿ!" ಆರ್ಡಿಸ್ ಕೂಗಿದಳು. "ಲೋ, ಆ ಮಾತು ಸಿಟ್ಟಲ್ಲಿ ಆಡಿದ್ದು ಬಿಡೋ! ನಿನ್ನ ಪೆಟ್ಟಿಗೆ ಇಲ್ಲೇ ಇದೆ! ಕಡ್ಡಿ ಗಂಜಿಗೆ ಹಾಕಿದ್ರೆ ಅದೂ ಕೆಲಸ ಮಾಡುತ್ತೆ!"

ಹಿಮದ ಮೇಲೆ ಬೂಟಿನ ಸದ್ದು ಗರಗರ ಎಂದು ದೂರವಾಯಿತು. ಟ್ರಕ್ಕಿನ ಬಾಗಿಲು ಹಾಕಿಕೊಂಡಿತು. ಎಂಜಿನ್ನು ಚಳಿಗೆ ಎರಡು ಸಲ ಕೆಮ್ಮಿ ಹತ್ತಿತು.

"ಮಧ್ಯಾಹ್ನದೊಳಗೆ ಬರ್ತಾನೆ ಬಿಡು," ಅಂದ ಗಸ್. "ಅಷ್ಟು ದೊಡ್ಡ ಪೆಟ್ಟಿಗೆ ಯಾರು ಬಿಡ್ತಾರೆ?"

ಆರ್ಡಿಸ್ ಸಿಹಿನೀರು ಸೋಸಿ ಕುದಿಯಲು ಇಟ್ಟಳು. ಹೂವು ಹಾಕಿದಳು. ಅವಳ ಹೆಸರಿನ ಅಷ್ಟೂ ಅಕ್ಷರ ಕೋಲಿನ ಮೇಲೆ ಕಪ್ಪಗೆ ಕೂತವು. ಅವಳು ಹೆಬ್ಬೆರಳಿನಿಂದ ಸವರಿ ಸವರಿ ನೋಡಿದಳು. ಮೂಲೆಯಲ್ಲಿ ಯಾರೂ ಗುಂಡಿ ಒತ್ತಿ ಆರಿಸದ ಪೆಟ್ಟಿಗೆ ಕೆಂಪು ಅಂಕಿ ತೋರಿಸುತ್ತಲೇ ಇತ್ತು. ಮಧ್ಯಾಹ್ನ ಆಯಿತು, ಸಂಜೆಯೂ ಆಯಿತು. ಮುಂದಿನ ಶುಕ್ರವಾರದ ಮೀನೂಟಕ್ಕೆ ಗಸ್ ರೋಲಿಗೊಂದು ಕುರ್ಚಿ ಹಿಡಿದಿಟ್ಟ, ಅದು ಖಾಲಿಯೇ ಉಳಿಯಿತು. ಪೆಟ್ಟಿಗೆ ಒಯ್ಯಲು ಬಂದದ್ದು ರೋಲಿಯ ಅಳಿಯ. ರೋಲಿ ಸ್ಕಿಬ್ಬಾ ಆಡಿದ ಮಾತಿಗೆ ತಪ್ಪಲಿಲ್ಲ, ತಿರುಗಿ ಬರಲಿಲ್ಲ.